ಮುಳ್ಳಯ್ಯನಗಿರಿಯ ಮಂಜು ಫೋಟೋದಲ್ಲಿ ಬೂದಿ ಬಣ್ಣ ಯಾಕೆ?

ಜುಲೈನಲ್ಲಿ ಮುಳ್ಳಯ್ಯನಗಿರಿಯಲ್ಲಿ ತೆಗೆದ ಮಂಜಿನ ಫೋಟೋಗಳೆಲ್ಲ ಬೂದಿ ಬಣ್ಣಕ್ಕಿವೆ, ಕ್ಯಾಮೆರಾ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ ಬಿಡಿ. ಎದುರಿಗೆ ಬರೀ ಬಿಳಿ ಇದ್ದರೆ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್, ಬೆಳಕು ಜಾಸ್ತಿಯಾಯಿತು ಅಂದುಕೊಂಡು ಎಕ್ಸ್‌ಪೋಶರ್ ಇಳಿಸುತ್ತದೆ, ಅಂದರೆ ಫೋಟೋಗೆ ಬೀಳುವ ಬೆಳಕು ಕಡಿಮೆ ಮಾಡುತ್ತದೆ; ಅದಕ್ಕೇ ಬಿಳಿ ಬೂದಿಯಾಗುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಷನ್ (ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) +1ರ ಆಸುಪಾಸು ಇಡಿ. ಹಿಸ್ಟೋಗ್ರಾಮ್ (ಫೋಟೋದಲ್ಲಿ ಕಪ್ಪಿನಿಂದ ಬಿಳಿವರೆಗಿನ ಹಂಚಿಕೆ ತೋರಿಸುವ ನಕ್ಷೆ) ಬಲತುದಿಗೆ ಒತ್ತಿಕೊಳ್ಳದಂತೆ ನೋಡಿಕೊಳ್ಳಿ, ಅಷ್ಟೇ.

ಇನ್ನೊಂದು ವಿಷಯ. ಮಂಜು ದಟ್ಟವಾಗಿದ್ದಾಗ ಸುಮ್ನೆ ದೂರದ ಬೆಟ್ಟಕ್ಕೆ ಕಾಯಬೇಡಿ. ಹತ್ತಿರದ ಒಂಟಿ ಮರವೋ ದಾರಿಯ ತಿರುವೋ ಸಾಕು. ಆಟೋಫೋಕಸ್ ತಡಕಾಡಿದರೆ ಕೊಂಬೆಯ ಕಪ್ಪು ಅಂಚಿಗೆ ಫೋಕಸ್ ಮಾಡಿ.

ನನಗಂತೂ ಮಳೆ ನಿಂತ ಮೇಲಿನ ಹೊತ್ತೇ ಇಷ್ಟ. ಒದ್ದೆ ಎಲೆಗಳು ಬೆಳ್ಳಗೆ ಹೊಳೀತಿರುತ್ತವೆ ಅಲ್ವಾ? ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ನಿಧಾನಕ್ಕೆ ತಿರುಗಿಸಿ, ಆ ಹೊಳಪು ಹೋಗಿ ಅಡಿಯ ಹಸಿರು ಎದ್ದು ಕಾಣುತ್ತದೆ. ಗಾಳಿ ಜೋರಿದ್ದರೆ ಟ್ರೈಪಾಡ್‌ನ ನಡುಕಂಬ ಮಾತ್ರ ಎತ್ತಬೇಡಿ, ಕ್ಯಾಮೆರಾ ಅಲುಗಾಡುತ್ತದೆ.