ಕಾಲೇಜು ಓದದ ಜಾನ್ ಜರ್ವಿಸ್ ಅಮೆರಿಕದ ದೊಡ್ಡ ಎಂಜಿನಿಯರ್ ಆದದ್ದು ಹೇಗೆ?

ಕೆಲಸ ಮಾಡುತ್ತಲೇ ಕಲಿತರು. 1817ರಲ್ಲಿ ನ್ಯೂಯಾರ್ಕ್ ರಾಜ್ಯದ ಈರಿ ಕಾಲುವೆಯ ಸರ್ವೆ ತಂಡಕ್ಕೆ ಸೇರಿದಾಗ ಅವರಿಗೆ 21 ವರ್ಷ. ಕೆಲಸ? ಅಡ್ಡ ಬಂದ ಮರ ಕಡಿಯುವುದು! ಜೊತೆಗಿದ್ದವರನ್ನು ನೋಡಿ ಸರ್ವೆ ಕಲಿತು, ಕೆಲವೇ ವರ್ಷಗಳಲ್ಲಿ ಎಂಜಿನಿಯರ್ ಆದರು.

ಅವರ ಜಾಣತನ ನನಗೆ ಜಾಸ್ತಿ ಕಾಣುವುದು 1832ರ 'ಎಕ್ಸ್‌ಪೆರಿಮೆಂಟ್' ರೈಲು ಎಂಜಿನ್‌ನಲ್ಲಿ. ಇಂಗ್ಲೆಂಡಿನ ಎಂಜಿನ್‌ಗಳ ಗಾಲಿಗಳು ಬಿಗಿ ಚೌಕಟ್ಟಿನಲ್ಲಿದ್ದವು. ಅಮೆರಿಕದ ಹಳಿಗಳಲ್ಲೋ ತಿರುವುಗಳು ಹೆಚ್ಚು. ಜರ್ವಿಸ್ ಮುಂದಿನ ನಾಲ್ಕು ಚಿಕ್ಕ ಗಾಲಿಗಳನ್ನು ಪ್ರತ್ಯೇಕವಾಗಿ ತಿರುಗುವ ಚೌಕಟ್ಟಿಗೆ ಕೂರಿಸಿದರು. ಎಂಜಿನ್ ತಿರುವಿನಲ್ಲಿ ಸಲೀಸಾಗಿ ಹೋಯಿತು.

ಆಮೇಲೆ ನ್ಯೂಯಾರ್ಕ್ ನಗರಕ್ಕೆ ನೀರು ತಂದ ಕ್ರೋಟನ್ ನಾಲೆಗೂ ಅವರೇ ಮುಖ್ಯ ಎಂಜಿನಿಯರ್. 1842ರಲ್ಲಿ ನೀರು ಹರಿಯಲು ಶುರುವಾದ ಈ ನಾಲೆ ಸುಮಾರು 66 ಕಿಲೋಮೀಟರ್ ಉದ್ದ. ಪಂಪ್ ಇಲ್ಲ, ಬರೀ ಇಳಿಜಾರಿನಲ್ಲೇ ನೀರು ಹರಿಯುತ್ತಿತ್ತು. ಜರ್ವಿಸ್ 1885ರಲ್ಲಿ ತೀರಿಕೊಂಡರು.