ನಾಲ್ಕು ತಿಂಗಳ ಮಟ್ಟಿಗೆ ಒಂದೂವರೆ ಲಕ್ಷ ಬೇಕು, ಯಾವ ಸಾಲಕ್ಕೆ ಅರ್ಜಿ ಹಾಕಲಿ?

ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಗೆ ಯೂನಿಟ್ ಇದೆ, ವ್ಯಾಪಾರಿಯಿಂದ ಬಿಲ್ಲಿನ ದುಡ್ಡು ಬರೋದು ತಡ, ದೀಪಾವಳಿಗೆ ಮುಂಚೆ ಟೈಲರ್‌ಗಳ ಬಟವಾಡೆ ಆಗಬೇಕು ಅಂತ ಬರೆದಿದ್ದೀರಿ. ಪರ್ಸನಲ್ ಲೋನ್, ಬಂಗಾರದ ಸಾಲ, ಮೊಬೈಲ್ ಆಪ್, ಡೈಲಿ ಫೈನಾನ್ಸ್ ನಾಲ್ಕೂ ಕೇಳಿದ್ದೀರಿ. ಬಳ್ಳಾರಿಯಲ್ಲಿ ಇಂಥ ಯೂನಿಟ್‌ಗಳ ಲೆಕ್ಕ ಬರೆಯೋನು ನಾನು. ಮನೆಯಲ್ಲಿ ಬಂಗಾರ ಇದ್ದರೆ ಬ್ಯಾಂಕಿನ ಬಂಗಾರದ ಸಾಲವೇ ಸರಿ ಅಂತೀನಿ.

ನಾಲ್ಕು ತಿಂಗಳ ಸಾಲಕ್ಕೆ ಬಡ್ಡಿ ದರಕ್ಕಿಂತ ಅದರ ಹಿಂದೆ ಬರೋ ಖರ್ಚೇ ಜಾಸ್ತಿ ಹೊಡೆತ ಕೊಡುತ್ತೆ. ಪರ್ಸನಲ್ ಲೋನ್ 14 ಪರ್ಸೆಂಟಿಗೆ, ಒಂದು ವರ್ಷದ ಅವಧಿಗೆ ಸಿಕ್ಕಿತು ಅಂದುಕೊಳ್ಳಿ. ಪ್ರೊಸೆಸಿಂಗ್ ಫೀ 2 ಪರ್ಸೆಂಟ್ ಆದರೆ ಜಿಎಸ್‌ಟಿ ಸೇರಿ 3,540 ರೂಪಾಯಿ ಮೊದಲೇ ಹೋಯಿತು. ನಾಲ್ಕು ಕಂತಿನಲ್ಲಿ ಬಡ್ಡಿ ಸುಮಾರು 6,170. ಆಮೇಲೆ ಉಳಿದ ಅಸಲು ಒಂದೇ ಸಲ ಕಟ್ಟಿ ಮುಗಿಸೋಕೆ ಹೋದರೆ, ಫೋರ್‌ಕ್ಲೋಷರ್ ಚಾರ್ಜ್ 4 ಪರ್ಸೆಂಟ್ ಇದ್ದಲ್ಲಿ, ಜಿಎಸ್‌ಟಿ ಸೇರಿ ಇನ್ನೊಂದು 4,800. ಎಲ್ಲ ಕೂಡಿದರೆ ಹದಿನಾಲ್ಕೂವರೆ ಸಾವಿರ. ಅದೇ ಬಂಗಾರದ ಸಾಲ 10 ಪರ್ಸೆಂಟಿಗೆ ಸಿಕ್ಕಿ, ಕೊನೆಗೆ ಒಟ್ಟಿಗೆ ಕಟ್ಟಿದರೆ ಬಡ್ಡಿ 5,000, ಜೊತೆಗೆ ಬಂಗಾರ ಪರೀಕ್ಷಿಸಿ ಬೆಲೆ ಕಟ್ಟೋ ಅಪ್ರೈಸರ್‌ನ ಚಾರ್ಜ್. ದರಗಳನ್ನ ನಾನು ಲೆಕ್ಕಕ್ಕಾಗಿ ಹಿಡಿದದ್ದು. ನಿಮಗೆ ಹೇಳಿದ ದರ ಹಾಕಿ ನೋಡಿ. ಇನ್ನೊಂದು ವಿಷಯ: ಪರ್ಸನಲ್ ಲೋನಿಗೆ ಮುಂದಿನ ತಿಂಗಳಿಂದಲೇ ಹದಿಮೂರೂವರೆ ಸಾವಿರ ಕಂತು. ವ್ಯಾಪಾರಿ ದುಡ್ಡೇ ಬಂದಿರಲ್ಲ, ಎಲ್ಲಿಂದ ಕಟ್ಟುತ್ತೀರಿ?

ಬಂಗಾರ ಇಡುವಾಗ ಹರಳಿನ ತೂಕ ಕಳೆದು ಉಳಿದ ತೂಕಕ್ಕೇ ಬೆಲೆ ಕಟ್ತಾರೆ, ಆ ಬೆಲೆಯಷ್ಟೂ ಸಾಲ ಸಿಗಲ್ಲ. ಖಾಸಗಿ ಗೋಲ್ಡ್ ಫೈನಾನ್ಸ್‌ಗೆ ಹೋದರೆ ಬೋರ್ಡಿನ ಮೇಲಿನ ಕಡಿಮೆ ದರ ಯಾರಿಗೆ ಅಂತ ಕೇಳಿ. ಎಷ್ಟೋ ಸ್ಕೀಮುಗಳಲ್ಲಿ ಅದು ತಿಂಗಳಾ ತಿಂಗಳಾ ಬಡ್ಡಿ ಕಟ್ಟುವವರಿಗೆ ಮಾತ್ರ, ತಪ್ಪಿದರೆ ದರ ಮೆಟ್ಟಿಲು ಹತ್ತುತ್ತಾ ಹೋಗುತ್ತೆ.

ಡೈಲಿ ಫೈನಾನ್ಸ್ ಬೇಡ. ಹತ್ತು ಸಾವಿರ ಅಂತ ಬರೆಸಿಕೊಂಡು, ಸಾವಿರ ಮುರಿದು ಒಂಬತ್ತು ಕೈಗೆ ಕೊಟ್ಟು, ದಿನಕ್ಕೆ 100ರಂತೆ 100 ದಿನ ವಸೂಲಿ ಮಾಡ್ತಾರೆ. ಕೇಳೋಕೆ ಹತ್ತು ಪರ್ಸೆಂಟ್. ಆದರೆ ಅಸಲು ದಿನಾ ಕರಗ್ತಾ ಇರುತ್ತಲ್ಲ, ವರ್ಷದ ಲೆಕ್ಕಕ್ಕೆ ತಂದರೆ 75 ಪರ್ಸೆಂಟ್ ದಾಟುತ್ತೆ. ಅಸಲು ಕರಗಿದರೂ ಮೊದಲಿನ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕೋ ಫ್ಲಾಟ್ ರೇಟ್‌ನಲ್ಲೂ ಇದೇ ಆಟ: ಒಂದು ವರ್ಷದ ಕಂತಿನ ಸಾಲಕ್ಕೆ 12 ಫ್ಲಾಟ್ ಅಂದರೆ ನಿಜದಲ್ಲಿ 21ರ ಮೇಲೆ.

ಆಪ್‌ನಲ್ಲೇ ತಗೊಳ್ಳೋದಾದರೆ ಸಾಲ ಕೊಡೋ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿ) ಯಾವುದು ಅಂತ ಮೊದಲು ನೋಡಿ. ಆ ಹೆಸರು ಕಾಣಲಿಲ್ಲ ಅಂದರೆ ಅಲ್ಲಿಗೇ ಬಿಡಿ. ಸಹಿಗೆ ಮುಂಚೆ ಸಾಲದ ಮುಖ್ಯ ವಿವರ ಬರೆದಿರೋ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಅನ್ನೋ ಕಾಗದ ಕೇಳಿ. ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಗಳಿಗೆಲ್ಲ ಇದನ್ನ ಕಡ್ಡಾಯ ಮಾಡಿದೆ. ಅದರಲ್ಲಿರೋ ಎಪಿಆರ್ (ವರ್ಷದ ಒಟ್ಟು ದರ) ಅನ್ನೋ ಅಂಕಿಯಲ್ಲಿ ಬಡ್ಡಿ, ಫೀ ಎರಡೂ ಸೇರಿರುತ್ತೆ. ಎರಡು ಕಡೆಯ ಕಾಗದ ಪಕ್ಕಪಕ್ಕ ಇಟ್ಟು ಆ ಸಾಲು ಹೋಲಿಸಿ. ಅವಧಿಗೆ ಮುಂಚೆ ತೀರಿಸಿದರೆ ಬೀಳೋ ಚಾರ್ಜ್ ಮಾತ್ರ ಆ ಅಂಕಿಯಲ್ಲಿ ಸೇರಿರಲ್ಲ, ಅದನ್ನ ಬೇರೆಯಾಗಿ ನೋಡಬೇಕು. ಎಲ್ಲ ಕಡೆ ಒಟ್ಟಿಗೆ ಅರ್ಜಿ ಗುಜರಾಯಿಸಬೇಡಿ. ಒಂದೊಂದು ಅರ್ಜಿಯೂ ಸಾಲದ ಇತಿಹಾಸ ಇಡೋ ಸಿಬಿಲ್‌ನಲ್ಲಿ ದಾಖಲಾಗುತ್ತೆ, ಒಂದರ ಹಿಂದೆ ಒಂದು ಕಂಡರೆ ಸ್ಕೋರ್ ಇಳಿಯಬಹುದು. ನಿಮ್ಮ ರಿಪೋರ್ಟ್ ನೀವೇ ನೋಡಿಕೊಂಡರೆ ಏನೂ ಆಗಲ್ಲ, ವರ್ಷಕ್ಕೊಂದು ಸಲ ಪುಕ್ಕಟೆ ಸಿಗುತ್ತೆ.

ನೀವು ಕೇಳದಿದ್ದರೂ ಹೇಳ್ತೀನಿ, ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡೋ ಉದ್ಯಮ್ ನೋಂದಣಿ ಮಾಡಿಸಿದ್ದೀರಾ? ಸಣ್ಣ ಯೂನಿಟ್ಟಿಗೆ ಕೊಡಬೇಕಾದ ದುಡ್ಡನ್ನ 45 ದಿನದೊಳಗೆ ಕೊಡಬೇಕು ಅಂತ 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯಲ್ಲೇ ಇದೆ, ತಡವಾದರೆ ಬಡ್ಡಿ ಕೇಳೋ ಹಕ್ಕೂ ಇದೆ. ವರ್ಷಗಟ್ಟಲೆ ಕೆಲಸ ಕೊಡೋ ವ್ಯಾಪಾರಿ ಮುಂದೆ ಕಾಯ್ದೆ ಎತ್ತೋದು ಕಷ್ಟ, ಗೊತ್ತು. ಆದರೂ ಬ್ಯಾಂಕಿಗೆ ಹೋಗೋ ಮುಂಚೆ ಬಾಕಿಯಲ್ಲಿ ಅರ್ಧವನ್ನಾದರೂ ಈಗಲೇ ಕೊಡಿ ಅಂತ ಅವರನ್ನ ಕೇಳಿ ನೋಡಿ. ಅಷ್ಟು ಬಂದರೆ ಇಡಬೇಕಾದ ಬಂಗಾರವೂ ಕಡಿಮೆಯಾಗುತ್ತೆ.