‘ಕರಾಳ’ ಅಂತ ಬರೆಯುವ ಮೊದಲು ಡ್ರಮ್ ಕೇಳಿ

ನಮಸ್ಕಾರ,

ಅಮೀಬಿಕ್ಸ್ ಬ್ಯಾಂಡಿನ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಒಂದೇ ಸಾಲಲ್ಲಿ ಬೇಡ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ನೀವು ಈ ಬ್ಯಾಂಡನ್ನು ಮನಸಿಟ್ಟು ಕೇಳಿದ್ದೀರಿ ಅಂತ ನಾಲ್ಕನೇ ಪ್ಯಾರಾ ಓದಿದಾಗ ಗೊತ್ತಾಯಿತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ದೊಡ್ಡ ತಪ್ಪು ಹೇಳಿಬಿಡುತ್ತೇನೆ. 1987ರಲ್ಲಿ ಒಡೆದ ಇಂಗ್ಲೆಂಡಿನ ಈ ಪಂಕ್ (ಒರಟು, ವೇಗದ ರಾಕ್) ಬ್ಯಾಂಡು 2008ರಲ್ಲಿ ಮತ್ತೆ ಕೂಡಿತು, 2011ರ ‘ಸಾನಿಕ್ ಮಾಸ್’ ಆಲ್ಬಮ್‌ನಲ್ಲಿ ದಿಢೀರನೆ ಮೆಟಲ್ (ಭಾರದ ಗಿಟಾರಿನ ರಾಕ್) ಕಡೆ ಹೊರಳಿತು, ಇದು ನಿಮ್ಮ ವಾದ. ಇಸವಿಗಳೆಲ್ಲ ಸರಿ. ‘ದಿಢೀರನೆ’ ಅನ್ನೋದು ಸರಿಯಿಲ್ಲ. ಇದೇ ಬ್ಯಾಂಡಿನ 1985ರ ಆಲ್ಬಮ್ ‘ಅರೈಸ್’ ಹಾಕಿ ಕೇಳಿ, ಭಾರದ ರಾಕ್‌ಗೆ ಹೆಸರಾದ ಮೋಟರ್‌ಹೆಡ್‌ನ ಓಟ, ಬ್ಲ್ಯಾಕ್ ಸಬ್ಬತ್‌ನ ಭಾರ ಎರಡೂ ಅಲ್ಲೇ ಇವೆ. ಹಾಗಾದರೆ 2011ರಲ್ಲಿ ಬದಲಾಗಿದ್ದೇನು? ನಿಮ್ಮ ಲೇಖನ ಉತ್ತರ ಹುಡುಕಬೇಕಾದ್ದು ಈ ಪ್ರಶ್ನೆಗೆ. ಬ್ಯಾಂಡಿನ ಹಳಬರಾದ ಮಿಲ್ಲರ್ ಅಣ್ಣತಮ್ಮಂದಿರು ಇಬ್ಬರೂ ವಾಪಸ್ ಬಂದರು, ಆದರೆ ಡ್ರಮ್ ಮುಂದೆ ಕೂತಿದ್ದು ಹೊಸಬರು. ಆ ಹೊಸಬರು ರಾಯ್ ಮಯೋರ್ಗಾ, ನ್ಯೂಯಾರ್ಕ್‌ನ ನಾಸಿಯಾ ಬ್ಯಾಂಡಿನಲ್ಲಿ ಪಂಕ್ ಬಾರಿಸಿದವರು, ಆಮೇಲೆ ಸೋಲ್‌ಫ್ಲೈ, ಸ್ಟೋನ್ ಸೋರ್ ಬ್ಯಾಂಡುಗಳಲ್ಲಿ ಮೆಟಲ್ ಬಾರಿಸಿ ಪಳಗಿದವರು. ಅವರ ಹೆಸರೇ ನಿಮ್ಮ ಲೇಖನದಲ್ಲಿಲ್ಲ! ನನಗೆ ಇದು ತುಂಬಾ ಬೇಜಾರಾಯಿತು.

‘ಇದಕ್ಕೂ ಮೊದಲು ಯಾವ ಹಾರ್ಡ್‌ಕೋರ್ ಬ್ಯಾಂಡೂ ನಿಧಾನವಾಗಿ ಬಾರಿಸುವ ಧೈರ್ಯ ಮಾಡಲಿಲ್ಲ’ ಅನ್ನುವ ಸಾಲು ತೆಗೆದುಬಿಡಿ. ಹಾರ್ಡ್‌ಕೋರ್ ಅಂದರೆ ಪಂಕ್‌ನ ಇನ್ನೂ ವೇಗದ ರೂಪ, ನಿಜ; ಆದರೆ 1984ರಲ್ಲೇ ಬ್ಲ್ಯಾಕ್ ಫ್ಲ್ಯಾಗ್ ಅನ್ನುವ ಹಾರ್ಡ್‌ಕೋರ್ ಬ್ಯಾಂಡು ‘ಮೈ ವಾರ್’ ಆಲ್ಬಮ್‌ನ ಎರಡನೇ ಬದಿಯಲ್ಲಿ ಮೂರೇ ಹಾಡು ಹಾಕಿತ್ತು, ಒಂದೊಂದೂ ಆರು ನಿಮಿಷಕ್ಕಿಂತ ಜಾಸ್ತಿ. ಒಂದೆರಡು ನಿಮಿಷದ ಹಾಡಿಗೆ ಒಗ್ಗಿಹೋಗಿದ್ದ ಎಷ್ಟೋ ಅಭಿಮಾನಿಗಳು ಸಿಟ್ಟಾದರು.

ಇನ್ನು ಭಾಷೆ. ‘ಕರಾಳ’ ಅನ್ನುವ ಮಾತು ಹನ್ನೊಂದು ಸಲ ಬಂದಿದೆ, ‘ಕಡುಗಪ್ಪು’ ಐದು ಸಲ. ಓದುವವರಿಗೆ ಇದರಿಂದ ಏನೂ ಕೇಳಿಸುವುದಿಲ್ಲ. ಆ ಭಾರ ಎಲ್ಲಿಂದ ಬರುತ್ತದೆ ಅಂತ ಬರೆಯಿರಿ. ಕಾರ್ಖಾನೆಯಲ್ಲಿ ಬೆರಳ ತುದಿ ಕಳೆದುಕೊಂಡ ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಅಯೋಮಿ ಒತ್ತಲು ಸುಲಭ ಆಗಲಿ ಅಂತ ತಂತಿ ಸಡಿಲ ಮಾಡಿಕೊಂಡರು, 1971ರ ಹೊತ್ತಿಗೆ ಅವರ ಗಿಟಾರ್ ಒಂದೂವರೆ ಸ್ವರ ಕೆಳಗಿಳಿದಿತ್ತು. ಸಡಿಲ ತಂತಿಗೆ ಜೋರಾಗಿ ಹೊಡೆದರೆ ಅದು ಒಂದು ಕ್ಷಣ ಓಲಾಡಿ ಆಮೇಲೆ ಸ್ವರಕ್ಕೆ ನಿಲ್ಲುತ್ತದೆ. ನೀವು ಕರಾಳ ಅಂತಿರೋದರಲ್ಲಿ ಅರ್ಧ ಪಾಲು ಆ ಓಲಾಟವೇ ಇರಬಹುದು ಅಲ್ವಾ? ಮತ್ತೆ ಕೇಳಿ ನೋಡಿ.

ನಾಲ್ಕನೇ ಪ್ಯಾರಾದಲ್ಲಿ ನೀವೇ ಇದನ್ನು ಮಾಡಿ ತೋರಿಸಿದ್ದೀರಿ: ‘ಡ್ರಮ್ ಒಂದು ಏಟು ತಡೆದು ನಿಲ್ಲುತ್ತದೆ, ಆ ಖಾಲಿಯಲ್ಲಿ ಗಿಟಾರ್ ಇನ್ನೂ ಗುಂಯ್ ಅನ್ನುತ್ತಿರುತ್ತದೆ, ನಾನು ಉಸಿರು ಹಿಡಿದುಕೊಂಡಿದ್ದೆ ಅಂತ ಆಗ ಗೊತ್ತಾಯಿತು.’ ಎಷ್ಟು ಚೆನ್ನಾಗಿದೆ! ಈ ಸಾಲಿಗಾಗಿಯೇ ನಾನು ಲೇಖನವನ್ನು ಎರಡನೇ ಸಲ ಓದಿದ್ದು.

ಅಮೀಬಿಕ್ಸ್‌ನ ಗಾಯಕ ರಾಬ್ ಮಿಲ್ಲರ್ ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಹೋಗಿ ಕತ್ತಿ ಮಾಡುವ ಕಮ್ಮಾರರಾದ ಸಂಗತಿಯನ್ನು ‘ಲೋಹ ಬಡಿದ ಕೈಯಿಂದ ಲೋಹದ ಸಂಗೀತ’ ಅಂತ ಮುಗಿಸಿದ್ದೀರಿ. ಯಾರಿಗಾದರೂ ಥಟ್ಟನೆ ಹೊಳೆಯುವ ಮಾತು ಅದು. ಬೇಡ. 1987ರ ಆಲ್ಬಮ್ ‘ಮಾನೊಲಿತ್’ನಿಂದ ‘ಸಾನಿಕ್ ಮಾಸ್’ವರೆಗೆ ಇಪ್ಪತ್ತನಾಲ್ಕು ವರ್ಷ ಆಗಿದೆ, ಹಾಡುವ ಗಂಟಲಿಗೂ ಅಷ್ಟೇ ವಯಸ್ಸಾಗಿದೆ. ಹಳೆಯ ಒರಟು ಕೂಗಿನ ಪಕ್ಕದಲ್ಲಿ ಈಗ ಮೆಲ್ಲಗೆ ಹಾಡುವ ದನಿಯೂ ಇದೆ. ಎರಡೂ ಆಲ್ಬಮ್ ಒಂದೇ ದಿನ ಕೂತು ಕೇಳಿ, ಆ ದನಿಗೆ ಒಂದು ಪ್ಯಾರಾ ಕೊಡಿ.

ಕೊನೆಯ ಪುಟದ ‘ದ್ರೋಹವೋ ಬೆಳವಣಿಗೆಯೋ’ ಚರ್ಚೆಯನ್ನು ಪೂರ್ತಿ ಬಿಟ್ಟುಬಿಡಿ. ನಾಲ್ಕನೇ ಪ್ಯಾರಾದಿಂದಲೇ ಶುರು ಮಾಡಿ, ಎಂಟುನೂರು ಪದದೊಳಗೆ ಮತ್ತೆ ಬರೆದು ಕಳಿಸಿ. ಬಂದ ದಿನವೇ ಓದುತ್ತೇನೆ.